ಬಾಡಿಗೆಯಿಲ್ಲದ ಉಪಗ್ರಹ, ಸರದಿ ತಪ್ಪದ ಬಳಕೆದಾರರು

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಗೆ ಹರಿದಾಗ ಪಾಂಡವಪುರ, ಮಂಡ್ಯ ಭಾಗದ ರೈತನು ಮೊದಲು ವಿಚಾರಿಸುವುದು ತನ್ನ ಸರದಿ ಎಂದು ಬರುತ್ತದೆ ಎಂಬುದನ್ನು. ಮೇಲ್ಭಾಗದವರು ತೂಬನ್ನು ಅಗತ್ಯಕ್ಕಿಂತ ಹೆಚ್ಚು ತೆರೆದರೆ ಕೊನೆಯ ಭಾಗದ ಗದ್ದೆ ಒಣಗುತ್ತದೆ. ಈ ಅನ್ಯಾಯವನ್ನು ತಡೆಯಲು ನೀರುಗಂಟಿಯಿದ್ದಾನೆ, ಇಲಾಖೆಯಿದೆ, ಕಾಯಿದೆಯಿದೆ. ಆದರೆ ಭೂಮಿಯಿಂದ ಆರು ನೂರು ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಒಂದು ಪುಟ್ಟ ಉಪಗ್ರಹವನ್ನು ಹತ್ತಾರು ದೇಶಗಳ ಜನರು ಏಕಕಾಲದಲ್ಲಿ ಬಳಸಬೇಕಾದಾಗ ಅಲ್ಲಿ ನೀರುಗಂಟಿ ಯಾರು? ಬಾಡಿಗೆಯಿಲ್ಲ, ಟೆಂಡರಿಲ್ಲ, ಮುಂಗಡ ಕಾಯ್ದಿರಿಸುವಿಕೆಯಿಲ್ಲ. ಆದರೂ ಹವ್ಯಾಸಿ ರೇಡಿಯೋ ಬಳಕೆದಾರರು, ಅಂದರೆ ಜನಸಾಮಾನ್ಯರು ಹ್ಯಾಮ್‌ಗಳೆಂದು ಕರೆಯುವವರು, ಅರ್ಧ ಶತಮಾನಕ್ಕೂ ಮಿಗಿಲಾಗಿ ಈ ಹಂಚಿಕೆಯನ್ನು ನಡೆಸಿಕೊಂಡು ಬಂದಿದ್ದಾರೆ. ಸಂಪನ್ಮೂಲ ಕಡಿಮೆ, ಬೇಡಿಕೆ ಹೆಚ್ಚು ಎಂಬ ಸ್ಥಿತಿಯನ್ನು ದಿನನಿತ್ಯ ಎದುರಿಸುವ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ವ್ಯವಸ್ಥೆಯ ಪರಿಚಯ ಉಪಯುಕ್ತವಾದೀತು.

ಬೆಂಗಳೂರಿನಲ್ಲಿ ಹುಟ್ಟಿದ ಹ್ಯಾಮ್‌ಸ್ಯಾಟ್

ಈ ವಿಷಯದಲ್ಲಿ ಕನ್ನಡ ನಾಡಿಗೆ ನೇರ ಸಂಬಂಧವಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಹವ್ಯಾಸಿಗಳಿಗೆಂದೇ ರೂಪಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹವು 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಕಕ್ಷೆಗೆ ಸೇರಿತು. ಅದೇ ರಾಕೆಟ್ಟಿನ ಮುಖ್ಯ ಪ್ರಯಾಣಿಕ 1560 ಕಿಲೋಗ್ರಾಂ ತೂಕದ ಕಾರ್ಟೋಸ್ಯಾಟ್-1. ಹ್ಯಾಮ್‌ಸ್ಯಾಟ್‌ನ ತೂಕ ಕೇವಲ 42.5 ಕಿಲೋಗ್ರಾಂ. ದೊಡ್ಡ ಸರಕಿನ ಲಾರಿಯಲ್ಲಿ ಉಳಿದ ಜಾಗಕ್ಕೆ ಒಂದು ಮೂಟೆಯನ್ನು ಏರಿಸಿ ಕಳುಹಿಸಿದಂತೆ ಈ ಉಪಗ್ರಹ ಮೇಲೇರಿತು. ಜಗತ್ತಿನ ಹವ್ಯಾಸಿ ಉಪಗ್ರಹಗಳಲ್ಲಿ ಬಹುಪಾಲು ಹೀಗೆಯೇ, ಬೇರೆಯವರ ಉಡಾವಣೆಯಲ್ಲಿ ಮಿಕ್ಕ ಜಾಗವನ್ನು ಪಡೆದು, ಆಕಾಶ ಸೇರಿವೆ.

ಅದರೊಳಗೆ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು. ಒಂದನ್ನು ಇಸ್ರೋದ ಪರಿಣತಿ ಹಾಗೂ ಆಮ್‌ಸ್ಯಾಟ್-ಇಂಡಿಯಾ ಸಂಘಟನೆಯ ಅನುಭವದ ನೆರವಿನಿಂದ ಭಾರತೀಯ ಹ್ಯಾಮ್‌ಗಳು ಸಿದ್ಧಪಡಿಸಿದರು. ಇನ್ನೊಂದನ್ನು ನೆದರ್ಲೆಂಡ್ಸ್‌ನ ವೆನ್ಲೋ ಪಟ್ಟಣದ ತಾಂತ್ರಿಕ ವಿದ್ಯಾಸಂಸ್ಥೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನಿರ್ಮಿಸಿಕೊಟ್ಟರು. ಹವ್ಯಾಸಿ ಜಗತ್ತಿನ ಪರಿಪಾಠದಂತೆ ಈ ಉಪಗ್ರಹಕ್ಕೆ ವಿಯುಸ್ಯಾಟ್-ಆಸ್ಕರ್ 52 ಎಂಬ ಹೆಸರೂ ದೊರೆಯಿತು. ಸುಮಾರು 435.22ರಿಂದ 435.28 ಮೆಗಾಹರ್ಟ್ಸ್ ನಡುವೆ ಭೂಮಿಯಿಂದ ಹೋದ ಸಂಕೇತವನ್ನು ಅದು 145.87ರಿಂದ 145.93 ಮೆಗಾಹರ್ಟ್ಸ್ ನಡುವೆ ಮರಳಿ ಬಿತ್ತರಿಸುತ್ತಿತ್ತು. ಬಳಕೆಗೆ ಯಾರಿಂದಲೂ ಶುಲ್ಕ ವಸೂಲಿ ಇರಲಿಲ್ಲ. ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದ ಬಳಿಕ 2014ರ ಜುಲೈನಲ್ಲಿ ಅದರ ಲಿಥಿಯಂ ಅಯಾನ್ ಬ್ಯಾಟರಿ ವಿಫಲವಾಗಿ ಸೇವೆ ಕೊನೆಗೊಂಡಿತು.

ಒಂದು ವ್ಯಾಟ್, ಇಪ್ಪತ್ತು ಸಂಭಾಷಣೆ

ಹಂಚಿಕೆಯ ಮೊದಲ ಪಾಠ ಹ್ಯಾಮ್‌ಸ್ಯಾಟ್‌ನಲ್ಲಿಯೇ ಇದೆ. ಅದರ ಪಟ್ಟಿಯ ಅಗಲ 60 ಕಿಲೋಹರ್ಟ್ಸ್. ಒಂದು ಧ್ವನಿ ಸಂಭಾಷಣೆಗೆ ಸುಮಾರು 3 ಕಿಲೋಹರ್ಟ್ಸ್ ಸಾಕು. ಅಂದರೆ ಲೆಕ್ಕದ ಪ್ರಕಾರ ಇಪ್ಪತ್ತು ಸಂಭಾಷಣೆಗಳು ಅಕ್ಕಪಕ್ಕದಲ್ಲಿ ನಡೆಯಬಹುದು. ಕಂಪ್ಯೂಟರ್ ಮೂಲಕ ಕಳುಹಿಸುವ ಕಿರಿದಾದ ಡಿಜಿಟಲ್ ಸಂಕೇತಗಳಾದರೆ ಇನ್ನೂ ಹೆಚ್ಚು. ಆದರೆ ಪ್ರಸಾರಕದ ಒಟ್ಟು ಶಕ್ತಿ ಸುಮಾರು ಒಂದು ವ್ಯಾಟ್ ಮಾತ್ರ. ಈ ಬಗೆಯ ಟ್ರಾನ್ಸ್‌ಪಾಂಡರ್ ತನಗೆ ಬಂದ ಪ್ರತಿ ಸಂಕೇತಕ್ಕೂ ಅದರ ಬಲಕ್ಕೆ ತಕ್ಕಂತೆ ಶಕ್ತಿಯನ್ನು ಹಂಚುತ್ತದೆ. ಒಬ್ಬನು ಭಾರಿ ಆಂಪ್ಲಿಫಯರ್ ಜೋಡಿಸಿ ಅಬ್ಬರಿಸಿದರೆ ಉಪಗ್ರಹದ ಶಕ್ತಿಯೆಲ್ಲ ಅವನ ಪಾಲಾಗಿ ಉಳಿದ ಹತ್ತೊಂಬತ್ತು ಧ್ವನಿಗಳು ಕ್ಷೀಣಿಸುತ್ತವೆ. ಮೇಲಿನ ತೂಬು ಪೂರ್ತಿ ತೆರೆದಾಗ ಕೊನೆಯ ಭಾಗಕ್ಕೆ ಆಗುವುದೂ ಇದೇ.

ಆದಕಾರಣ ಹ್ಯಾಮ್‌ಗಳು ಒಂದು ಸರಳ ನಿಯಮವನ್ನು ಪಾಲಿಸುತ್ತಾರೆ. ತನ್ನ ಧ್ವನಿ ಉಪಗ್ರಹದಿಂದ ಮರಳಿ ಬರುವುದನ್ನು ತಾನೇ ಕೇಳಿಸಿಕೊಳ್ಳಬೇಕು. ಉಪಗ್ರಹದ ಗುರುತಿನ ಸಂಕೇತಕ್ಕಿಂತ ಅದು ಜೋರಾಗಿ ಕೇಳಿಸಿದರೆ ಕೂಡಲೇ ಶಕ್ತಿಯನ್ನು ತಗ್ಗಿಸಬೇಕು. ಇಲ್ಲಿ ಅಳತೆಗೋಲು ಎಲ್ಲರಿಗೂ ಒಂದೇ, ತಪಾಸಣೆ ಮಾಡುವವನು ಬಳಕೆದಾರನೇ.

2018ರ ನವೆಂಬರ್‌ನಲ್ಲಿ ಉಡಾವಣೆಗೊಂಡ ಕತಾರ್ ದೇಶದ ಎಸ್‌ಹೈಲ್-2 ಉಪಗ್ರಹದಲ್ಲಿ ಈ ನಿಯಮಕ್ಕೆ ಯಂತ್ರದ ಕಾವಲನ್ನೂ ಒದಗಿಸಲಾಗಿದೆ. ಭೂಸ್ಥಿರ ಕಕ್ಷೆಯಲ್ಲಿ ಹವ್ಯಾಸಿ ಟ್ರಾನ್ಸ್‌ಪಾಂಡರ್ ಹೊತ್ತ ಪ್ರಥಮ ಉಪಗ್ರಹವಿದು. ಯಾರಾದರೂ ಮಿತಿಮೀರಿದ ಶಕ್ತಿಯಿಂದ ಪ್ರಸಾರ ಮಾಡಿದರೆ ನೆಲದಲ್ಲಿರುವ ಉಸ್ತುವಾರಿ ವ್ಯವಸ್ಥೆ ಅವರ ಸಂಕೇತದ ಮೇಲೆಯೇ ಎಚ್ಚರಿಕೆಯ ದನಿಯನ್ನು ಮೊಳಗಿಸುತ್ತದೆ. ದಂಡ ವಿಧಿಸುವುದಿಲ್ಲ, ಸಂಪರ್ಕ ಕಡಿಯುವುದಿಲ್ಲ; ಎಲ್ಲರ ಎದುರಿನಲ್ಲಿ ತಪ್ಪನ್ನು ಕೇಳಿಸುತ್ತದೆ ಅಷ್ಟೆ. ಕೃಷ್ಣರಾಜಪೇಟೆಯಿಂದ ನೋಡಿದರೆ ಈ ಉಪಗ್ರಹವು ಪಶ್ಚಿಮ ಆಕಾಶದಲ್ಲಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ನಿಶ್ಚಲವಾಗಿದೆ.

ಡಿಜಿಟಲ್ ಅಂಚೆಪೆಟ್ಟಿಗೆಯ ಉದಯ

ಧ್ವನಿಯನ್ನು ಹಂಚಿಕೊಳ್ಳುವುದಕ್ಕಿಂತ ಅಕ್ಷರ ಮತ್ತು ಕಡತಗಳನ್ನು ಹಂಚಿಕೊಳ್ಳುವ ವಿಧಾನ ಹೆಚ್ಚು ಸೂಕ್ಷ್ಮವಾದದ್ದು. ಮೊದಲ ಹವ್ಯಾಸಿ ಉಪಗ್ರಹ ಆಸ್ಕರ್-1, 1961ರ ಡಿಸೆಂಬರ್ 12ರಂದು ಅಮೆರಿಕದಿಂದ ಹಾರಿ, ಮೋರ್ಸ್ ಸಂಕೇತದಲ್ಲಿ ಎರಡಕ್ಷರದ ಅಭಿವಂದನೆಯನ್ನಷ್ಟೇ ಬಿತ್ತರಿಸುತ್ತ ಸುಮಾರು ಮೂರು ವಾರ ಬದುಕಿತ್ತು. 1984ರಲ್ಲಿ ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ಉಪಗ್ರಹವೊಂದು ಸಂದೇಶವನ್ನು ನೆನಪಿನಲ್ಲಿಟ್ಟುಕೊಂಡು ಬೇರೆಡೆ ತಲಪಿಸುವ ಪ್ರಯೋಗ ನಡೆಸಿತು. 1986ರಲ್ಲಿ ಜಪಾನಿನ ಹವ್ಯಾಸಿ ಉಪಗ್ರಹವು ಅಂಚೆಪೆಟ್ಟಿಗೆಯನ್ನೇ ಹೊತ್ತೊಯ್ದಿತು. 1990ರ ಜನವರಿ 22ರಂದು ಏರಿಯಾನ್ ರಾಕೆಟ್ಟಿನಲ್ಲಿ ಪ್ಯಾಕ್‌ಸ್ಯಾಟ್ ಸೇರಿದಂತೆ ಹಲವು ಪುಟ್ಟ ಡಿಜಿಟಲ್ ಉಪಗ್ರಹಗಳು ಒಟ್ಟಿಗೆ ಮೇಲೇರಿದಾಗ ಈ ಪದ್ಧತಿ ಪ್ರಬುದ್ಧವಾಯಿತು.

ಇದರ ಕಾರ್ಯವಿಧಾನ ಹಳ್ಳಿಗಳನ್ನು ಸುತ್ತುವ ಅಂಚೆಯಣ್ಣನ ಕೆಲಸವನ್ನು ಹೋಲುತ್ತದೆ. ಕೆಳಗಿನ ಕಕ್ಷೆಯ ಉಪಗ್ರಹವು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದು ಊರಿನ ಮೇಲೆ ಹಾದುಹೋಗುವಾಗ ಹೆಚ್ಚೆಂದರೆ ಹನ್ನೆರಡು, ಹದಿಮೂರು ನಿಮಿಷ ಮಾತ್ರ ಲಭ್ಯ. ಆ ಅವಧಿಯಲ್ಲಿ ಮೈಸೂರಿನವನು ಕಳುಹಿಸಿದ ಕಡತವನ್ನು ಅದು ತನ್ನ ಸ್ಮೃತಿಯಲ್ಲಿ ಇರಿಸಿಕೊಂಡು, ಕೆಲವು ಗಂಟೆಗಳ ನಂತರ ಬ್ರೆಜಿಲ್ ಅಥವಾ ದಕ್ಷಿಣ ಆಫ್ರಿಕದ ಮೇಲೆ ಸಾಗುವಾಗ ಅಲ್ಲಿಯವನಿಗೆ ಕೊಡುತ್ತದೆ. ಇಂಟರ್‌ನೆಟ್ ಮನೆಮನೆಗೆ ಬರುವ ಮುನ್ನ ಸ್ಯಾಟೆಲ್‌ಲೈಫ್ ಎಂಬ ಸಂಸ್ಥೆಯು ಇದೇ ತಂತ್ರದ ಉಪಗ್ರಹಗಳ ಮೂಲಕ ಆಫ್ರಿಕದ ವೈದ್ಯರಿಗೆ ವೈದ್ಯಕೀಯ ಮಾಹಿತಿಯನ್ನು ತಲಪಿಸಿತು.

ಒಬ್ಬನಿಗೆ ಕೊಟ್ಟದ್ದು ಎಲ್ಲರಿಗೂ

ಈಗ ಕಷ್ಟ ಎದುರಾಗುತ್ತದೆ. ಆರು ನೂರು ಕಿಲೋಮೀಟರ್ ಎತ್ತರದಿಂದ ಉಪಗ್ರಹಕ್ಕೆ ಕಾಣುವ ಭೂಭಾಗದ ವ್ಯಾಸ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು. ಅಷ್ಟು ವಿಸ್ತಾರದಲ್ಲಿ ನೂರು ಮಂದಿ ಕಾಯುತ್ತಿದ್ದರೆ ಹನ್ನೆರಡು ನಿಮಿಷಗಳನ್ನು ಹಂಚುವುದು ಹೇಗೆ? ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಆ ಅವಧಿಯಲ್ಲಿ ಇಳಿಯಬಹುದಾದ ಗರಿಷ್ಠ ಮಾಹಿತಿ ಎಂಟೂವರೆ ಲಕ್ಷ ಅಕ್ಷರಗಳಷ್ಟು. ನೂರು ಮಂದಿಗೆ ಸಮನಾಗಿ ಹಂಚಿದರೆ ತಲಾ ಎಂಟೂವರೆ ಸಾವಿರ. ಇಷ್ಟರಲ್ಲಿ ಒಂದು ಚಿತ್ರವೂ ಬಾರದು.

ಪ್ಯಾಕ್‌ಸ್ಯಾಟ್ ಬಳಕೆದಾರರು ಕಂಡುಕೊಂಡ ಪರಿಹಾರ ಜಾಣ್ಮೆಯದು. ಉಪಗ್ರಹವು ಯಾರೊಬ್ಬರ ಕೋರಿಕೆಯ ಮೇರೆಗೆ ಕಡತವನ್ನು ಬಿತ್ತರಿಸಿದರೂ ಅದನ್ನು ಆ ಪ್ರದೇಶದ ಎಲ್ಲ ಕೇಂದ್ರಗಳೂ ಕೇಳಿಸಿಕೊಳ್ಳುತ್ತವೆ. ಕಡತವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಮೇಲೆ ಕಡತದ ಸಂಖ್ಯೆ, ಅದರೊಳಗಿನ ಸ್ಥಾನ ಹಾಗೂ ದೋಷ ಪತ್ತೆಯ ಅಂಕಿಗಳನ್ನು ನಮೂದಿಸಲಾಗುತ್ತದೆ. ಸರಕಿನ ಪ್ರತಿ ಮೂಟೆಗೂ ಚೀಟಿ ಕಟ್ಟಿದ ಹಾಗೆ. ಆದ್ದರಿಂದ ತುಣುಕುಗಳು ಯಾವ ಕ್ರಮದಲ್ಲಿ ಬಂದರೂ ನೆಲದ ಕಂಪ್ಯೂಟರ್ ಅವುಗಳನ್ನು ಸ್ವಸ್ಥಾನದಲ್ಲಿ ಜೋಡಿಸಿಕೊಳ್ಳುತ್ತದೆ. ಕೊನೆಗೆ ಯಾವ ತುಣುಕು ತಪ್ಪಿದೆಯೋ ಅದನ್ನು ಮಾತ್ರ ಕೇಳಿದರೆ ಸಾಕು. ಇಡೀ ಕಡತವನ್ನು ಮತ್ತೆ ಕೇಳುವ ಅಗತ್ಯವಿಲ್ಲ. ಒಬ್ಬನು ಕೇಳಿದ ತುಣುಕು ಇನ್ನೊಬ್ಬನ ಕೊರತೆಯನ್ನೂ ನೀಗಿಸಬಹುದು. ಹೀಗಾಗಿ ಒಂದೂ ಕೋರಿಕೆ ಸಲ್ಲಿಸದೆ ಮೌನವಾಗಿ ಆಲಿಸುವವನಿಗೂ ಸಾಕಷ್ಟು ಮಾಹಿತಿ ದಕ್ಕುತ್ತದೆ.

ಕೋರಿಕೆಗಳಿಗೆ ಉಪಗ್ರಹದಲ್ಲಿಯೇ ಒಂದು ಸರದಿಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಕೆಲವು ಸೆಕೆಂಡುಗಳ ಸೇವೆ ನೀಡಿ ಮುಂದಿನವರತ್ತ ಹೊರಳಿ, ಸುತ್ತು ಮುಗಿದ ಬಳಿಕ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಪಟ್ಟಿ ತುಂಬಿದ್ದರೆ ಹೊಸಬರು ಕಾಯಬೇಕು. ದೊಡ್ಡ ಆಂಟೆನಾ ಇದ್ದವನಿಗೂ ಸಣ್ಣ ಆಂಟೆನಾ ಇದ್ದವನಿಗೂ ಸಿಗುವ ಸಮಯ ಒಂದೇ.

ಮೇಲಕ್ಕೆ ಹೋಗುವ ದಾರಿಯ ಇಕ್ಕಟ್ಟು

ಕೆಳಗಿಳಿಯುವ ದಾರಿಯಲ್ಲಿ ಉಪಗ್ರಹವೊಂದೇ ಮಾತನಾಡುವುದರಿಂದ ಶಿಸ್ತು ಸುಲಭ. ಮೇಲಕ್ಕೆ ಹೋಗುವ ದಾರಿ ಹಾಗಲ್ಲ. ಕೃಷ್ಣರಾಜಪೇಟೆಯವನು ಪ್ರಸಾರ ಮಾಡುತ್ತಿರುವುದು ಕೋಲ್ಕತ್ತದವನಿಗೆ ನೇರವಾಗಿ ಕೇಳಿಸದು, ನಡುವೆ ಭೂಮಿಯ ಬಾಗು ಇದೆ. ಇಬ್ಬರೂ ಏಕಕಾಲದಲ್ಲಿ ಕಳುಹಿಸಿದರೆ ಉಪಗ್ರಹದಲ್ಲಿ ಎರಡು ಸಂದೇಶಗಳೂ ಡಿಕ್ಕಿಯಾಗಿ ಕೆಡುತ್ತವೆ. ಒಬ್ಬರನ್ನೊಬ್ಬರು ನೋಡದ ಇಬ್ಬರು ಚಾಲಕರು ಕಿರಿದಾದ ಸೇತುವೆಗೆ ಎರಡೂ ಕಡೆಯಿಂದ ನುಗ್ಗಿದ ಸ್ಥಿತಿ ಅದು. ಹವಾಯಿ ವಿಶ್ವವಿದ್ಯಾಲಯದಲ್ಲಿ 1970ರ ಸುಮಾರಿಗೆ ರೂಪುಗೊಂಡ ಅಲೋಹಾ ಜಾಲದ ಗಣಿತ ತಿಳಿಸುವಂತೆ, ಯಾವುದೇ ನಿಯಂತ್ರಣವಿಲ್ಲದೆ ಎಲ್ಲರೂ ಮನಬಂದಾಗ ಕಳುಹಿಸಿದರೆ ಮಾರ್ಗದ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಫಲಿಸುತ್ತದೆ. ಉಳಿದದ್ದು ಡಿಕ್ಕಿಗಳಲ್ಲಿಯೂ ಖಾಲಿ ವೇಳೆಯಲ್ಲಿಯೂ ನಷ್ಟವಾಗುತ್ತದೆ.

ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪ್ಯಾಕ್‌ಸ್ಯಾಟ್‌ಗೆ ಮೇಲೇರುವ ನಾಲ್ಕು ದಾರಿಗಳನ್ನೂ ಕೆಳಗಿಳಿಯುವ ಒಂದು ದಾರಿಯನ್ನೂ ಒದಗಿಸಲಾಗಿತ್ತು. ಕಡತ ತಲಪಿದ ಬಗ್ಗೆ ಉಪಗ್ರಹದಿಂದ ರಸೀದಿ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಯತ್ನಿಸುವುದು ನಿಯಮ. ಮಾರುಕಟ್ಟೆಯ ಪ್ರಾಂಗಣಕ್ಕೆ ಒಳಬರುವ ದ್ವಾರಗಳನ್ನು ಹೆಚ್ಚಿಸಿ ತೂಕದ ಯಂತ್ರವನ್ನು ಒಂದೇ ಇರಿಸಿದರೂ ಕೆಲಸ ಸಾಗುವಂತೆ ಯೋಜಿಸಿದ ಹಾಗೆ.

ಇಂದು ಹೆಚ್ಚು ಬಳಕೆಯಲ್ಲಿರುವುದು ಎಪಿಆರ್‌ಎಸ್ ಎಂಬ ಕಿರುಸಂದೇಶ ಪದ್ಧತಿ. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರೂನಿಂಗಾ ಇದರ ಜನಕರು. 2022ರಲ್ಲಿ ಅವರು ನಿಧನರಾದರು. ಕಳುಹಿಸುವವನ ಕರೆಸಂಕೇತ, ಅವನಿರುವ ಸ್ಥಳ ಹಾಗೂ ಒಂದೆರಡು ಸಾಲಿನ ಸಂದೇಶ ಇದರಲ್ಲಿರುತ್ತದೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ಕೇಂದ್ರವು 145.825 ಮೆಗಾಹರ್ಟ್ಸ್‌ನಲ್ಲಿ ಇಂತಹ ಸಂದೇಶಗಳನ್ನು ಮರುಪ್ರಸಾರ ಮಾಡುತ್ತ ಬಂದಿದೆ. ಮಾರ್ಗದ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ 150 ಅಕ್ಷರ. ಒಂದು ಸಂದೇಶಕ್ಕೆ ಹತ್ತಿರಹತ್ತಿರ ಒಂದು ಸೆಕೆಂಡ್ ಬೇಕು. ಹತ್ತು ನಿಮಿಷದ ಹಾಯುವಿಕೆಯಲ್ಲಿ ಅಲೋಹಾ ಲೆಕ್ಕದಂತೆ ನೂರರ ಆಸುಪಾಸಿನ ಸಂದೇಶಗಳು ಮಾತ್ರ ಸುರಕ್ಷಿತವಾಗಿ ಸಾಗಬಲ್ಲವು. ಆದುದರಿಂದ ಯಂತ್ರವನ್ನು ಚಾಲೂ ಮಾಡಿ ಬಿಟ್ಟು ಎದ್ದುಹೋಗುವುದು, ಪ್ರತಿ ಐದು ಸೆಕೆಂಡಿಗೊಮ್ಮೆ ತನ್ನ ಸ್ಥಳವನ್ನು ಸಾರುವುದು ಅಸಭ್ಯ ನಡೆಯೆನಿಸುತ್ತದೆ. ಪ್ರತಿ ಸಂದೇಶದಲ್ಲಿಯೂ ಕರೆಸಂಕೇತ ಇರುವುದರಿಂದ ಅಸಭ್ಯನು ಯಾರೆಂಬುದು ಗುಟ್ಟಾಗಿ ಉಳಿಯುವುದಿಲ್ಲ.

ಭಾರತದ ಪಾಲು

ಹ್ಯಾಮ್‌ಸ್ಯಾಟ್ ಮೌನವಾದ ಬಳಿಕವೂ ಭಾರತದ ಕೊಡುಗೆ ನಿಂತಿಲ್ಲ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಜೊತೆಗೆ ಶ್ರೀಹರಿಕೋಟಾದಿಂದ ಹಾರಿದ ಇಂಡೋನೇಷ್ಯಾದ ಲಪಾನ್-ಎ2 ಉಪಗ್ರಹದಲ್ಲಿ ಎಪಿಆರ್‌ಎಸ್ ಹಾಗೂ ಧ್ವನಿ ಮರುಪ್ರಸಾರದ ಉಪಕರಣಗಳನ್ನು ಅಳವಡಿಸಲಾಗಿತ್ತು. ಅದರ ಕಕ್ಷೆ ಭೂಮಧ್ಯರೇಖೆಗೆ ಸಮೀಪವಾದ್ದರಿಂದ ದಕ್ಷಿಣ ಕರ್ನಾಟಕದ ಆಕಾಶಕ್ಕೆ ಪ್ರತಿ ಸುತ್ತಿನಲ್ಲಿಯೂ ಬರುವಂತಹದು. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ಕೊನೆಯ ಹಂತವನ್ನೇ ಪ್ರಯೋಗಶಾಲೆಯಾಗಿ ಬಳಸಿದಾಗ, ಅದರಲ್ಲಿ ಆಮ್‌ಸ್ಯಾಟ್-ಇಂಡಿಯಾದ ಎಪಿಆರ್‌ಎಸ್ ಉಪಕರಣಕ್ಕೂ ಸ್ಥಾನ ದೊರೆಯಿತು. ಕೆಲಸ ಮುಗಿದ ಮೇಲೆ ಕಸವಾಗುವ ರಾಕೆಟ್ ಹಂತವನ್ನು ಉಪಯೋಗಕ್ಕೆ ತಂದ ಈ ಕ್ರಮವು ಯಾವ ಉದ್ಯಮಿಯೂ ಮೆಚ್ಚುವಂತಹದು. ಅದಕ್ಕೂ ಮುನ್ನ, 2010ರ ಜುಲೈ 12ರಂದು, ಕರ್ನಾಟಕ ಮತ್ತು ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ನಿರ್ಮಿಸಿದ, ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಉಪಗ್ರಹವು ಹವ್ಯಾಸಿ ತರಂಗಪಟ್ಟಿಯಲ್ಲಿಯೇ ಭೂಮಿಗೆ ಸಂಕೇತ ಕಳುಹಿಸಿತ್ತು.

ವಿಪತ್ತಿನ ದಿನದ ಬೆಲೆ

ಇಷ್ಟೆಲ್ಲ ಶ್ರಮ ಕೇವಲ ಹವ್ಯಾಸಕ್ಕಾಗಿಯೇ ಎಂಬ ಪ್ರಶ್ನೆ ಸಹಜ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ತಂಡದವರು ಪ್ರಯೋಗಾರ್ಥವಾಗಿ ಪೋರ್ಟ್ ಬ್ಲೇರ್‌ನಲ್ಲಿದ್ದರು. ದ್ವೀಪಗಳ ದೂರವಾಣಿ ಸಂಪರ್ಕ ಕಡಿದಾಗ ಅವರ ಕೇಂದ್ರವು ಮುಖ್ಯಭೂಮಿಗೆ ಸುದ್ದಿ ತಲಪಿಸುವ ಕೊಂಡಿಯಾಯಿತು. ಅಂದು ಬಳಕೆಯಾದದ್ದು ಉಪಗ್ರಹವಲ್ಲ, ಶಾರ್ಟ್‌ವೇವ್ ರೇಡಿಯೋ. ಆದರೆ ಎರಡನ್ನೂ ನಡೆಸುವವರು ಒಂದೇ ಬಗೆಯ ಜನ. ಸರದಿ ಕಾಯುವುದು, ಚುಟುಕಾಗಿ ಮಾತನಾಡುವುದು, ತುರ್ತು ಸಂದೇಶಕ್ಕೆ ದಾರಿ ಬಿಡುವುದು ಅವರಿಗೆ ದಿನನಿತ್ಯದ ಅಭ್ಯಾಸ. ಮೊಬೈಲ್ ಗೋಪುರಗಳಿಗೆ ವಿದ್ಯುತ್ ಇಲ್ಲದ, ಕೇಬಲ್ ತುಂಡಾದ ದಿನ ಪಟ್ಟಣದ ವರ್ತಕನಿಗೂ ಸರಕಾರಕ್ಕೂ ಉಳಿಯುವ ಆಸರೆ ಇಂತಹವರು. ಆ ಅಭ್ಯಾಸವನ್ನು ಆಪತ್ತು ಬಂದ ದಿನ ಕಲಿಯಲಾಗದು.

ಬಳಸದ ಸಂಪನ್ಮೂಲ ಉಳಿಯುವುದಿಲ್ಲ ಎಂಬುದೂ ಗಮನಾರ್ಹ. 2019ರಲ್ಲಿ ಯೂರೋಪಿನಲ್ಲಿ ಹವ್ಯಾಸಿಗಳ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನು ವಿಮಾನಯಾನ ಸಂಪರ್ಕಕ್ಕೂ ಪರಿಶೀಲಿಸಬೇಕೆಂಬ ಪ್ರಸ್ತಾವ ಬಂದಿತ್ತು. ಹ್ಯಾಮ್‌ಗಳ ಸಂಘಟಿತ ವಿರೋಧದ ನಡುವೆ ಅದನ್ನು ಕೈಬಿಡಲಾಯಿತು. ಗೋಮಾಳದಲ್ಲಿ ದನ ಮೇಯದಿದ್ದರೆ ಬೇಲಿ ಹಾಕುವವರು ಬಂದೇ ಬರುತ್ತಾರೆ ಎಂಬುದನ್ನು ನಮ್ಮ ಹಳ್ಳಿಗಳಿಗೆ ಹೇಳಬೇಕಾಗಿಲ್ಲ.

ಉದ್ಯಮಿಗಳಿಗೆ ಏನಿದೆ?

ಮೊದಲಿಗೆ ಒಂದು ಎಚ್ಚರಿಕೆ. ಹವ್ಯಾಸಿ ರೇಡಿಯೋವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಬೆಲ್ಲದ ಧಾರಣೆಯನ್ನಾಗಲಿ, ಲಾರಿ ಹೊರಟ ಸುದ್ದಿಯನ್ನಾಗಲಿ ಇದರಲ್ಲಿ ಕಳುಹಿಸುವುದು ನಿಯಮಬಾಹಿರ. ಸಂದೇಶವನ್ನು ಗುಪ್ತಲಿಪಿಯಲ್ಲಿ ಮರೆಮಾಡುವುದಕ್ಕೂ ಅವಕಾಶವಿಲ್ಲ. ಹಣದ ಲಾಭವಿಲ್ಲದ ಬಳಕೆ ಎಂಬ ಈ ಷರತ್ತೇ ಹಂಚಿಕೆಯನ್ನು ಕಾಪಾಡಿದೆ. ಲಾಭದ ಆಸೆ ಸೇರಿದ್ದರೆ ಸರದಿಪಟ್ಟಿಯನ್ನು ಕೊಳ್ಳುವವರೂ ಮಾರುವವರೂ ಎಂದೋ ಹುಟ್ಟಿಕೊಳ್ಳುತ್ತಿದ್ದರು.

ಆದರೆ ಈ ಹವ್ಯಾಸದಿಂದ ಉದ್ಯಮ ಬೆಳೆದ ಉದಾಹರಣೆಯಿದೆ. ಸರ್ರೆ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಹವ್ಯಾಸಿ ಉಪಗ್ರಹದೊಂದಿಗೆ ಆರಂಭವಾದ ತಂಡವು 1985ರಲ್ಲಿ ಕಂಪನಿಯಾಗಿ ರೂಪುಗೊಂಡು, ಅನೇಕ ದೇಶಗಳಿಗೆ ಸಣ್ಣ ಉಪಗ್ರಹಗಳನ್ನು ಮಾರುವ ಮಟ್ಟಕ್ಕೆ ಬೆಳೆಯಿತು. ನಮ್ಮ ಮಟ್ಟದಲ್ಲಿಯೂ ಸಣ್ಣ ಕಾರ್ಯಾಗಾರಗಳಿಗೆ ಕೆಲಸವಿದೆ. 145 ಮೆಗಾಹರ್ಟ್ಸ್‌ನ ಯಾಗಿ ಆಂಟೆನಾಕ್ಕೆ ಬೇಕಾದ ಅಲ್ಯುಮಿನಿಯಂ ಕೊಳವೆಯ ತುಂಡು ಸುಮಾರು ಒಂದು ಮೀಟರ್ ಉದ್ದದ್ದು. 435 ಮೆಗಾಹರ್ಟ್ಸ್‌ಗೆ ಸುಮಾರು 34 ಸೆಂಟಿಮೀಟರ್. ಕೊಳವೆ ಕತ್ತರಿಸಿ ನಿಖರವಾಗಿ ರಂಧ್ರ ಕೊರೆಯುವ ಯಾವುದೇ ಲೇತ್ ಅಂಗಡಿಗೆ ಇದು ಸಾಧ್ಯ. ಉಪಗ್ರಹವನ್ನು ಹಿಂಬಾಲಿಸಿ ಆಂಟೆನಾ ತಿರುಗಿಸುವ ಮೋಟಾರು ಜೋಡಣೆ, ಮಳೆಗಾಲಕ್ಕೆ ತಡೆಯುವ ಪೆಟ್ಟಿಗೆ, ಕಂಬ, ಕೇಬಲ್ ಕನೆಕ್ಟರ್ ಇವೆಲ್ಲ ಸಣ್ಣ ಉದ್ಯಮದ ವ್ಯಾಪ್ತಿಯಲ್ಲಿಯೇ ಬರುತ್ತವೆ. ಮಾರುಕಟ್ಟೆ ದೊಡ್ಡದಲ್ಲ, ನಿಜ. ಆದರೆ ಇಲ್ಲಿ ಪಡೆದ ನಿಖರತೆಯ ಅಭ್ಯಾಸವು ಬಾಹ್ಯಾಕಾಶ ಹಾಗೂ ದೂರಸಂಪರ್ಕ ಕ್ಷೇತ್ರದ ಬಿಡಿಭಾಗಗಳ ಬೇಡಿಕೆಗೆ ಸಿದ್ಧತೆಯಾಗುತ್ತದೆ.

ಇನ್ನೊಂದು ಹೆಜ್ಜೆ ಸಂಘಸಂಸ್ಥೆಗಳ ಕೈಯಲ್ಲಿದೆ. ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ತಾಂತ್ರಿಕ ವಿದ್ಯಾಸಂಸ್ಥೆಯಿದೆ; ನೆರೆಯ ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಮಹಾನಗರದ ವಿದ್ಯುತ್ ಗದ್ದಲವಿಲ್ಲದ, ಎತ್ತರದ ಕಟ್ಟಡಗಳು ಅಡ್ಡಬಾರದ ತೆರೆದ ಆಕಾಶ ಈ ತಾಲ್ಲೂಕುಗಳ ಸಹಜ ಸಂಪತ್ತು. ವರ್ತಕರ ಸಂಘವೊಂದು ಕಾಲೇಜಿನ ವಿದ್ಯಾರ್ಥಿಗಳಿಗೆ ಕ್ಲಬ್ ಕೇಂದ್ರವನ್ನು ಒದಗಿಸಿಕೊಟ್ಟರೆ, ಆಪತ್ತಿನ ದಿನ ಊರಿಗೇ ಒಂದು ಸಂಪರ್ಕ ಸಾಧನ ದೊರೆತಂತಾಗುತ್ತದೆ. ಪ್ರಸಾರಕ್ಕೆ ಮುನ್ನ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು ಕಡ್ಡಾಯ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಅರ್ಹರು. ನಿರ್ಬಂಧಿತ ದರ್ಜೆಯವರ ಕರೆಸಂಕೇತ ವಿಯು3 ಎಂದೂ ಸಾಮಾನ್ಯ ದರ್ಜೆಯವರದು ವಿಯು2 ಎಂದೂ ಆರಂಭವಾಗುತ್ತದೆ. ನಿರ್ಬಂಧಿತ ದರ್ಜೆಗೆ ಮೋರ್ಸ್ ಪರೀಕ್ಷೆಯಿಲ್ಲ.

ಹ್ಯಾಮ್‌ಸ್ಯಾಟ್‌ನ ಒಂದು ವ್ಯಾಟ್ ಶಕ್ತಿಯು ಒಂಬತ್ತು ವರ್ಷ ಜಗತ್ತಿನ ಹವ್ಯಾಸಿಗಳಿಗೆ ಸಾಕಾಯಿತು. ಅದಕ್ಕೆ ಕಾರಣ ಉಪಗ್ರಹದ ಸಾಮರ್ಥ್ಯವೊಂದೇ ಅಲ್ಲ; ತನ್ನ ಧ್ವನಿ ಹೆಚ್ಚಾಯಿತೆಂದು ತಿಳಿದೊಡನೆ ತಗ್ಗಿಸಿಕೊಂಡ ಅಸಂಖ್ಯ ಬಳಕೆದಾರರ ವಿವೇಕವೂ ಹೌದು. ನಾಲೆಯ ನೀರಿಗೂ ಮಾರುಕಟ್ಟೆಯ ಪ್ರಾಂಗಣಕ್ಕೂ ಅನ್ವಯಿಸುವ ಮಾತಿದು.